ಒಣಗಿದ ಹಳ್ಳಕ್ಕೆ ಮೂರೇ ದಿನದಲ್ಲಿ ಮೀನು ಬಂದದ್ದೆಲ್ಲಿಂದ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹಳ್ಳಿ. ಊರ ಮಗ್ಗುಲಿನ ಹಳ್ಳ ಶಿವರಾತ್ರಿ ಹೊತ್ತಿಗೆ ಹರಿಯುವುದು ನಿಲ್ಲುತ್ತದೆ, ಯುಗಾದಿ ದಾಟಿದರೆ ಬರೀ ಉಸುಕು. ಈ ಸಲ ಮಿರಗದ (ಮೃಗಶಿರಾ) ಮಳೆಗೆ ಹಳ್ಳ ಬಂದ ಮೂರನೇ ದಿನವೇ ಬೆರಳುದ್ದದ ಮೀನು ಕಾಣಿಸಿದವು. ಉಸುಕಿನ ಬಣ್ಣ, ಮಗ್ಗುಲಿಗೆ ಕಪ್ಪು ಚುಕ್ಕಿಗಳ ಸಾಲು, ಬಾಯಿ ಸುತ್ತ ಮೀಸೆ. ಹಿಡಿಯಲು ಹೋದರೆ ಉಸುಕಿನೊಳಗೆ ನುಗ್ಗುತ್ತವೆ, ಹಿಡಿದರೆ ಕಣ್ಣಿನ ಹತ್ತಿರದಿಂದ ಏನೋ ಚುಚ್ಚುತ್ತದೆ. ನಾವು ಉಸುಕಮೀನು ಅನ್ನುತ್ತೇವೆ. ಮಳೆಯ ಜತೆ ಆಕಾಶದಿಂದ ಬೀಳುತ್ತವೆ ಎಂದು ಹಿರಿಯರು, ಮಣ್ಣಿನಲ್ಲಿ ಮೊಟ್ಟೆ ಇರುತ್ತವೆ ಎಂದು ಶಾಲೆಯ ಮಾಸ್ತರರು ಹೇಳುತ್ತಾರೆ. ಬರುವ ಬೇಸಿಗೆಗೆ ಪಂಚಾಯಿತಿಯಿಂದ ಹಳ್ಳದ ಹೂಳು ತೆಗೆಸುವ ಮಾತಿದೆ, ನಾನೂ ಸದಸ್ಯ. ಸೊಳ್ಳೆ ಕಾಟಕ್ಕೆ ಮಡುಗಳನ್ನು ಮುಚ್ಚಬೇಕು, ಇಲ್ಲವೇ ಸೊಳ್ಳೆ ಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡಬೇಕು ಎಂದು ಕೆಲವರ ಒತ್ತಾಯ. ಹೂಳೆತ್ತಿದರೆ ಈ ಮೀನು ಉಳಿಯುತ್ತವೆಯೇ? ನನ್ನ ಮಗ ಐದು ಮೀನನ್ನು ಬಾಟಲಿಯಲ್ಲಿ ತಂದಿಟ್ಟಿದ್ದಾನೆ, ಅವನ್ನು ಸಾಕಬಹುದೇ?

ಉತ್ತರ: ಹಳ್ಳ ಪೂರ್ತಿ ಒಣಗಿದ ಮೇಲೂ ಮೀನು ಬರುತ್ತವೆ ಎಂದಾದರೆ ಹೂಳೆತ್ತಿದರೂ ಬಂದಾವು ಎನ್ನುವುದು ಒಂದು ಲೆಕ್ಕ. ಎಲ್ಲಿಂದ ಬರುತ್ತವೆ ಎಂದೇ ಗೊತ್ತಿಲ್ಲದೆ ಯಂತ್ರ ಇಳಿಸಿದರೆ ಆ ಮೂಲವನ್ನೇ ಕಿತ್ತೇವೇನೋ ಎನ್ನುವುದು ನಿಮ್ಮ ಅಳುಕು. ಅಳುಕು ಸರಿಯಾಗಿದೆ. ಆದ್ದರಿಂದ ಎಲ್ಲಿಂದ ಬಂದವು ಎಂಬುದನ್ನೇ ಮೊದಲು ನೋಡೋಣ.

ನೀವು ಬರೆದ ಗುರುತುಗಳೆಲ್ಲ ಲೆಪಿಡೋಸೆಫಾಲಿಕ್ತಿಸ್ ಥರ್ಮಾಲಿಸ್ ಎಂಬ ಮೀನಿಗೆ ಹೊಂದುತ್ತವೆ. ನಿಮ್ಮ ಊರಿನ ಹೆಸರೇ ಚೆನ್ನಾಗಿದೆ, ಉಸುಕಮೀನು ಎಂದೇ ಕರೆಯುತ್ತೇನೆ. ಶ್ರೀಲಂಕಾದ ತ್ರಿಂಕೋಮಲಿ ಹತ್ತಿರದ ಕನ್ನಿಯಾ ಬಿಸಿನೀರ ಬುಗ್ಗೆಯ ಮೀನನ್ನು ನೋಡಿ 1846ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು, ಥರ್ಮಾಲಿಸ್ ಎಂಬ ಹೆಸರು ಬಂದದ್ದು ಹಾಗೆ. ಶ್ರೀಲಂಕಾದಲ್ಲೂ ದಕ್ಷಿಣ ಭಾರತದ ಹೊಳೆ ಹಳ್ಳಗಳಲ್ಲೂ ಇದೆ. ಸಾಮಾನ್ಯವಾಗಿ 5–6 ಸೆಂ.ಮೀ. ಉದ್ದ ಬೆಳೆಯುತ್ತದೆ, ಹೆಣ್ಣು ಗಂಡಿಗಿಂತ ದೊಡ್ಡದು. ಮರಿ ಎಂದು ಜನ ತಿಳಿದುಕೊಳ್ಳುವುದು ಎಷ್ಟೋ ಸಲ ಬೆಳೆದ ಗಂಡುಮೀನನ್ನೇ.

ಆಕಾಶದಿಂದ ಬೀಳುವ ಮಾತು. ನೀರಿನ ಮೇಲೆ ಸುತ್ತುವ ಸುಂಟರಗಾಳಿ ಅಪರೂಪಕ್ಕೆ ಸಣ್ಣ ಜೀವಿಗಳನ್ನು ಎತ್ತಿ ಬೇರೆಡೆ ಚೆಲ್ಲಬಹುದು. ಆದರೆ ಹಾಗೆ ಬಿದ್ದ ಮೀನು ಹಳ್ಳವನ್ನಷ್ಟೇ ಹುಡುಕಿಕೊಂಡು ಬೀಳುವುದಿಲ್ಲ. ಮಾಳಿಗೆಯ ಮೇಲೆ, ಬಣವೆಯ ಮೇಲೆ, ಗುಡಿಯ ಕಟ್ಟೆಯ ಮೇಲೂ ಸಿಗಬೇಕಿತ್ತು. ಮಳೆಯ ಮರುದಿನ ಹೊಲದ ಗುಂಡಿಯಲ್ಲಿ ಸಿಗುವ ಮೀನು ತೆಳ್ಳಗೆ ಹರಿಯುವ ನೀರಿಗೆ ಎದುರೇರಿ ಬಂದು, ನೀರು ಇಳಿದಾಗ ಅಲ್ಲೇ ಸಿಕ್ಕಿಕೊಂಡದ್ದು. ಹರಿವಿಗೆ ಎದುರಾಗಿ ಈಜುವುದು ಹಳ್ಳದ ಮೀನಿನ ಹುಟ್ಟುಗುಣ. ರಾತ್ರಿ ಮಳೆಯಾಗಿ ಬೆಳಿಗ್ಗೆ ಹೊಲದಲ್ಲಿ ಮೀನು ಕಂಡವರಿಗೆ ನಡುವೆ ನಡೆದದ್ದು ಗೊತ್ತಾಗುವುದಿಲ್ಲ, ಹಿರಿಯರ ಮಾತು ಹುಟ್ಟಿದ್ದು ಅಲ್ಲಿಂದಲೇ.

ಮಾಸ್ತರರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಅದು ಬೇರೆ ಖಂಡದ್ದು. ಪೂರ್ವ ಆಫ್ರಿಕಾದ ನೊಥೊಬ್ರಾಂಕಿಯಸ್ ಎಂಬ ಪುಟ್ಟ ಮೀನುಗಳ ಮೊಟ್ಟೆ ಒಣಗಿದ ಕೆಸರಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದು, ಮಳೆ ಬಿದ್ದಾಗ ಒಡೆಯುತ್ತವೆ. ಉಸುಕಮೀನಿನ ಮೊಟ್ಟೆಗೆ ಆ ಶಕ್ತಿ ಇಲ್ಲ, ಒಣಗಿದರೆ ಸತ್ತಂತೆ. ಇದಕ್ಕೆ ಪುರಾವೆ ನಿಮ್ಮ ಪತ್ರದಲ್ಲೇ ಇದೆ. ಮೂರನೇ ದಿನ ನಿಮಗೆ ಕಂಡದ್ದು ಬೆರಳುದ್ದದ ಮೀನು. ಮಳೆ ಬಿದ್ದ ದಿನವೇ ಮೊಟ್ಟೆ ಒಡೆದಿದ್ದರೂ ಮೂರನೇ ದಿನಕ್ಕೆ ಇರಬೇಕಾದದ್ದು ಕೂದಲೆಳೆಯಂಥ, ಕೆಲವೇ ಮಿಲಿಮೀಟರಿನ ಮರಿ. ಹಾಗಾದರೆ ನೀವು ನೋಡಿದವು ಹೋದ ವರ್ಷ ಅಥವಾ ಅದಕ್ಕೂ ಮುಂಚೆ ಹುಟ್ಟಿದ ಮೀನುಗಳು. ಬೇಸಿಗೆಯನ್ನು ಎಲ್ಲೋ ಜೀವಂತವಾಗಿಯೇ ಕಳೆದಿವೆ.

ಎಲ್ಲಿ ಎಂದರೆ ಮಡುಗಳಲ್ಲಿ. ಊರ ಮುಂದಿನ ಹಳ್ಳ ಒಣಗಿದರೆ ಹಳ್ಳವೆಲ್ಲ ಒಣಗಿದಂತೆ ಕಾಣುತ್ತದೆ, ಆದರೆ ಮೇಲಕ್ಕೋ ಕೆಳಕ್ಕೋ ನಡೆಯುತ್ತ ಹೋದರೆ ಬಂಡೆಯ ಬುಡದಲ್ಲಿ, ತಿರುವಿನ ಹೊರಮಗ್ಗುಲಿನಲ್ಲಿ, ಹಳೆಯ ಬಾಂದಾರದ ಕೆಳಗೆ ನೀರು ಬಿದ್ದು ಕೊರೆದ ಗುಂಡಿಯಲ್ಲಿ ಒಂದಿಷ್ಟು ನೀರು ನಿಂತಿರುತ್ತದೆ. ಹಳ್ಳದ ಎಲ್ಲ ಮೀನಿನ ವಂಶ ಅಲ್ಲಿ ಒತ್ತೊತ್ತಾಗಿ ಉಸಿರು ಹಿಡಿದಿರುತ್ತದೆ. ಮೊದಲ ಹರಿವು ಆ ಮಡುಗಳನ್ನು ಒಂದಕ್ಕೊಂದು ಸೇರಿಸಿದರೆ ಸಾಕು, ಎರಡು ಮೂರು ದಿನದಲ್ಲಿ ಅವು ಮೇಲೂ ಕೆಳಗೂ ಹರಡುತ್ತವೆ.

ಆ ಬಿಸಿ ಮಡುವಿನಲ್ಲಿ ಉಸುಕಮೀನು ಬದುಕುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೂಳೆತ್ತುವ ತೀರ್ಮಾನ ಅದರ ಮೇಲೇ ನಿಂತಿದೆ. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂನಷ್ಟು, 35 ಡಿಗ್ರಿಯಲ್ಲಿ 7ರಷ್ಟು ಹಿಡಿಯುತ್ತದೆ. ಇದು ತೀರ ದೊಡ್ಡ ವ್ಯತ್ಯಾಸವಲ್ಲ. ನಿಜವಾದ ಹೊಡೆತ ರಾತ್ರಿಯದು. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ, ಕೊಳೆಯುವ ಎಲೆ ಸಗಣಿಯೂ ಎಳೆಯುತ್ತವೆ, ಕೋಳಿ ಕೂಗುವ ಹೊತ್ತಿಗೆ ನಿಂತ ಮಡುವಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಪಕ್ಕೆ ಮೊದಲಾದ ಬೇರೆ ಮೀನುಗಳು ಆಗ ಮೇಲೆ ಬಂದು ಬಾಯಿ ಬಡಿಯುತ್ತವೆ, ಎಷ್ಟೋ ಸಾಯುತ್ತವೆ. ಉಸುಕಮೀನು ಬಾಣದಂತೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಮರಳುತ್ತದೆ. ಕರುಳಿನ ಹಿಂಭಾಗದಲ್ಲಿ ರಕ್ತನಾಳಗಳು ದಟ್ಟವಾಗಿದ್ದು, ನುಂಗಿದ ಗಾಳಿಯ ಆಮ್ಲಜನಕವನ್ನು ಅಲ್ಲೇ ಹೀರುತ್ತವೆ. ಉಳಿದ ಗಾಳಿ ಹಿಂದಿನಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಕಿವಿರಿನ ಜತೆಗೆ ಕರುಳಿನಿಂದಲೂ ಉಸಿರಾಡುವ ಮೀನು ಇದು. ಮಗನ ಬಾಟಲಿಯ ಮುಂದೆ ಹತ್ತು ನಿಮಿಷ ಕೂತರೆ ಈ ಏರಿಳಿತ, ಆ ಗುಳ್ಳೆ ಎರಡೂ ಕಣ್ಣಿಗೆ ಬೀಳುತ್ತವೆ.

ಎರಡನೆಯ ಆಸರೆ ಉಸುಕು. ಮೇಲಿನ ಉಸುಕು ಕಾಲು ಸುಡುವಾಗಲೂ ಗೇಣು ಕೆಳಗೆ ತಂಪು ಇರುತ್ತದೆ. ನೀರು ತೆಳುವಾದಂತೆ ಮೀನು ಒದ್ದೆ ಉಸುಕಿನೊಳಗೆ ಇಳಿಯುತ್ತದೆ. ಮೈಮೇಲಿನ ಲೋಳೆ, ಚರ್ಮದಲ್ಲಿ ಹುದುಗಿದ ಸಣ್ಣ ಹುರುಪೆ ಇವೆಲ್ಲ ಉಸುಕಿನಲ್ಲಿ ಜಾರುವುದಕ್ಕೆ ತಕ್ಕಂತಿವೆ. ಇಲ್ಲೊಂದು ಮಿತಿಯನ್ನು ಮರೆಯಬಾರದು: ಉಸುಕು ಒದ್ದೆ ಇರುವತನಕ ಮಾತ್ರ ಈ ಆಟ. ಆಫ್ರಿಕಾದ ಶ್ವಾಸಕೋಶದ ಮೀನು ಗೂಡು ಕಟ್ಟಿಕೊಂಡು ಒಣ ಕೆಸರಿನಲ್ಲಿ ಮಲಗುತ್ತದೆ, ಉಸುಕಮೀನಿಗೆ ಅದು ಬರುವುದಿಲ್ಲ. ಉಸುಕನ್ನು ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟದೆ ಉದುರಿದರೆ ಆ ಜಾಗದಲ್ಲಿ ಮೀನಿಲ್ಲವೆಂದೇ ತಿಳಿಯಿರಿ. ಊಟವೂ ಉಸುಕಿನದೇ. ಬಾಯ್ತುಂಬ ಉಸುಕು ತೆಗೆದುಕೊಂಡು, ಹುಳದ ಮರಿ, ಪಾಚಿ, ಕೊಳೆತ ಚೂರುಗಳನ್ನು ಉಳಿಸಿಕೊಂಡು, ಬರಿ ಉಸುಕನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ.

ಈಗ ಹೂಳಿನ ವಿಷಯ. ಹೂಳೆತ್ತುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ 2019ರಲ್ಲಿ ಜನ ಹಿರೇಹಳ್ಳಕ್ಕೆ ಇಳಿದು ಹೂಳು, ಜಾಲಿ ತೆಗೆದದ್ದನ್ನು ನೀವೂ ಬಲ್ಲಿರಿ, ಹಳ್ಳವೆಂದರೆ ಊರಿನ ಆಸ್ತಿ ಎಂಬ ಎಚ್ಚರ ಆಗ ಜಿಲ್ಲೆಯಲ್ಲೆಲ್ಲ ಮೂಡಿತು. ಎರೆ ಹೊಲದಿಂದ ತೊಳೆದು ಬರುವ ಅಂಟು ಮಣ್ಣು ಉಸುಕಿನ ಮೇಲೆ ಕೂತು ಸಂದು ಮುಚ್ಚುತ್ತದೆ. ಆಗ ಉಸುಕಮೀನಿಗೆ ನುಗ್ಗಲು ಜಾಗವಿಲ್ಲ, ಹುಳಗಳಿಗೂ ಇಲ್ಲ. ಆ ಮಣ್ಣು ತೆಗೆದರೆ ಮೀನಿಗೂ ಒಳ್ಳೆಯದೇ. ಕೆಡುವುದು ಎಲ್ಲಿ ಎಂದರೆ ಹೂಳು ಮತ್ತು ಉಸುಕು ಎರಡನ್ನೂ ಒಂದೇ ಎಂದು ಎತ್ತಿದಾಗ, ಗುಂಡಿ ದಿಬ್ಬ ಎಲ್ಲ ಸಮ ಮಾಡಿ ಹಳ್ಳವನ್ನು ಕಾಲುವೆಯಂತೆ ನೆಟ್ಟಗೆ ಮಾಡಿದಾಗ, ಮತ್ತು ಬೇಸಿಗೆಯಲ್ಲಿ ಕಡೆಗೆ ಉಳಿದ ಒದ್ದೆ ಮಡುವಿಗೇ ಇಟಾಚಿ ಇಳಿಸಿದಾಗ. ಒಣ ಕಾಲದಲ್ಲಿ ಕೆಲಸ ಸಲೀಸು ಎಂದು ಏಪ್ರಿಲ್–ಮೇ ಆರಿಸುತ್ತಾರೆ. ಹಳ್ಳದ ಅಷ್ಟೂ ಮೀನು ಎರಡು ಮೂರು ಮಡುವಿನಲ್ಲಿ ಕೂಡಿರುವುದೂ ಅದೇ ತಿಂಗಳಲ್ಲಿ. ಒಂದು ದಿನದ ಯಂತ್ರದ ಕೆಲಸಕ್ಕೆ ವಂಶವೇ ಹೋಗುತ್ತದೆ.

ಹಾಗಾಗಿ ಯಂತ್ರ ಬರುವ ಮೊದಲು ಯುಗಾದಿ ಸುಮಾರಿಗೆ ಹಳ್ಳದುದ್ದಕ್ಕೂ ಒಮ್ಮೆ ನಡೆಯಿರಿ, ಊರ ಮೇಲಕ್ಕೆ ಎರಡು ಕಿಲೋಮೀಟರ್, ಕೆಳಕ್ಕೆ ಎರಡು ಕಿಲೋಮೀಟರ್. ಜೊಂಡು ಹಸಿರಾಗಿ ನಿಂತ ಜಾಗ, ಬೆಳ್ಳಕ್ಕಿ ಮಿಂಚುಳ್ಳಿ ಬಿಡದೆ ಕೂರುವ ಜಾಗ, ಮೊಳದಾಳ ತೋಡಿದರೆ ಒರತೆ ಬರುವ ಜಾಗ, ಇವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಮಡುವಿನ ಆಳವನ್ನು ಕೋಲು ಇಳಿಸಿ ಅಳೆಯಿರಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಿಸಿಲು ಗಾಳಿಗೆ ದಿನಕ್ಕೆ ಸುಮಾರು 1 ಸೆಂ.ಮೀ. ನೀರು ಆವಿಯಾಗುತ್ತದೆ. ಯುಗಾದಿಯಿಂದ ಮಿರಗಕ್ಕೆ ಹೆಚ್ಚುಕಡಿಮೆ 75 ದಿನ, ಅಂದರೆ ಮುಕ್ಕಾಲು ಮೀಟರ್ ಬರಿ ಬಿಸಿಲಿಗೇ ಹೋಗುತ್ತದೆ. ಯುಗಾದಿಗೆ 1 ಮೀಟರ್ ಆಳವಿರುವ, ತಳದಿಂದ ನೀರು ಇಂಗಿ ಹೋಗದ ಮಡು ಮಳೆಗಾಲ ಮುಟ್ಟುತ್ತದೆ. ಅರ್ಧ ಮೀಟರಿನದು, ಒರತೆಯ ಆಸರೆ ಇಲ್ಲದಿದ್ದರೆ, ಮುಟ್ಟುವುದಿಲ್ಲ. ಮಳೆಗಾಲ ಮುಟ್ಟುವ ಮಡುಗಳನ್ನು, ಅವುಗಳ ಮೇಲೆ ಕೆಳಗೆ ಇಪ್ಪತ್ತಿಪ್ಪತ್ತು ಹೆಜ್ಜೆ ಸೇರಿಸಿ, ಕಲ್ಲಿಗೆ ಸುಣ್ಣ ಬಳಿದು ಗುರುತು ಮಾಡಿ, ಅಲ್ಲಿ ಯಂತ್ರ ಇಳಿಯಕೂಡದು ಎಂದು ಕೆಲಸದ ಅಂದಾಜು ಪಟ್ಟಿಯಲ್ಲೇ ಬರೆಸಿ. ಬಾಯಿಮಾತು ಸಾಲದು, ಯಂತ್ರ ನಡೆಸುವವನಿಗೆ ಗಂಟೆಯ ಲೆಕ್ಕವಷ್ಟೇ ಕಾಣುತ್ತದೆ. ಉಳಿದ ಒಣ ಭಾಗದಲ್ಲಿ ಮೇಲಿನ ಅಂಟು ಮಣ್ಣು ಮಾತ್ರ ತೆಗೆಯಿರಿ, ಉಸುಕು ಕಂಡ ಕೂಡಲೇ ನಿಲ್ಲಿಸಿ. ಉಸುಕು ಉಪಖನಿಜ, ಪರವಾನಗಿ ಇಲ್ಲದೆ ಸಾಗಿಸಿದರೆ ಕೇಸು ಬೀಳುವುದು ಪಂಚಾಯಿತಿ ಮೇಲೆಯೇ. ಉಸುಕು ಹೋದ ಹಳ್ಳದಲ್ಲಿ ಅಕ್ಕಪಕ್ಕದ ಬಾವಿಗಳ ನೀರೂ ಇಳಿಯುತ್ತದೆ, ಇದನ್ನು ರೈತರಿಗೆ ಹೇಳಿದರೆ ಮೀನಿನ ಮಾತಿಗಿಂತ ಬೇಗ ಒಪ್ಪುತ್ತಾರೆ. ಒಂದೇ ವರ್ಷ ಅಷ್ಟುದ್ದ ಮುಗಿಸದೆ ಎರಡು ಮೂರು ವರ್ಷಕ್ಕೆ ಹಂಚಿದರೆ, ಕೆಲಸ ಮಾಡಿದ ಭಾಗಕ್ಕೆ ಮಾಡದ ಭಾಗದಿಂದ ಮೀನು ಬರುತ್ತವೆ. ದಂಡೆಯ ಲಕ್ಕಿ, ಹೊಂಗೆ ಕಡಿಯಬೇಡಿ. ಬಳ್ಳಾರಿ ಜಾಲಿ ಕಡಿಯಲು ನನ್ನ ಅಡ್ಡಿಯಿಲ್ಲ, ಆದರೆ ಮಡುವಿಗೆ ನೆರಳು ಅದೊಂದೇ ಆಗಿದ್ದರೆ ಹೊಂಗೆ ಬೆಳೆಯುವತನಕ ಬಿಡಿ.

ಯಂತ್ರಕ್ಕಿಂತಲೂ ಹೆಚ್ಚು ಮಡುಗಳನ್ನು ಸದ್ದಿಲ್ಲದೆ ಮುಗಿಸುವುದು ಪಂಪು. 10 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 60 ಸೆಂ.ಮೀ. ಆಳದ ಮಡುವಿನಲ್ಲಿ 36 ಸಾವಿರ ಲೀಟರ್ ನೀರು ಇರುತ್ತದೆ. ಸೆಕೆಂಡಿಗೆ 10 ಲೀಟರ್ ಎಳೆಯುವ ಪಂಪು ಅದನ್ನು ಒಂದು ಗಂಟೆಯಲ್ಲಿ ಬರಿದು ಮಾಡುತ್ತದೆ. ಒಣಗುತ್ತಿರುವ ಬೆಳೆಯ ಮುಂದೆ ನಿಂತ ರೈತನಿಗೆ ಪೂರ್ತಿ ಬೇಡ ಎನ್ನುವುದು ಕಷ್ಟ. ಪಂಪಿನ ಬಾಯನ್ನು ತಳದಿಂದ ಮೊಣಕಾಲೆತ್ತರದಲ್ಲಿ ಕಟ್ಟಿಸಿದರೆ ಕೊನೆಯ ಒಂದೂವರೆ ಅಡಿ ನೀರು ತಾನಾಗಿ ಉಳಿಯುತ್ತದೆ. ಅದು ಏಪ್ರಿಲ್ ಕೊನೆಯಲ್ಲಿ ಉಳಿದರೆ ಮಳೆಗಾಲ ಮುಟ್ಟುವ ಆಸೆ ಉಂಟು. ಕಡೆಯ ಮಡುವಿಗೆ ಬ್ಲೀಚಿಂಗ್ ಪುಡಿ, ಕಳ್ಳಿ ಹಾಲು, ಕಾರೆಕಾಯಿ ಹಾಕಿ ಮೀನು ಹಿಡಿಯುವುದನ್ನಂತೂ ತಡೆಯಲೇಬೇಕು. ನೀರಿಗೆ ವಿಷ ಅಥವಾ ಸಿಡಿಮದ್ದು ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಮಡು ಉಳಿದರೂ ದಾರಿ ಕಟ್ಟಾಗಿದ್ದರೆ ಮೀನು ಊರ ಮುಂದಕ್ಕೆ ಬರುವುದಿಲ್ಲ. ಉಸುಕಮೀನು ಬೆರಳ ದಪ್ಪದ ನೀರಿನಲ್ಲೂ ತೆವಳುತ್ತದೆ, ನೆಟ್ಟಗಿನ ಕಾಂಕ್ರೀಟ್ ಗೋಡೆ ಹತ್ತುವುದಿಲ್ಲ. ಹಲಗೆ ಹಾಕುವ ಬಾಂದಾರವಾದರೆ ಮುಂಗಾರಿನ ಮೊದಲ ಹರಿವಿಗೆ ಮುಂಚೆ ಹಲಗೆ ತೆಗೆಸಿ, ಮಳೆ ಕಡಿಮೆಯಾಗುವ ಹೊತ್ತಿಗೆ, ಅಕ್ಟೋಬರ್ ಸುಮಾರಿಗೆ, ಹಾಕಿಸಿ. ಗಟ್ಟಿ ಚೆಕ್ ಡ್ಯಾಂ ಆದರೆ ಕೆಳಮಗ್ಗುಲಿಗೆ ಕಲ್ಲಿನ ಇಳಿಜಾರು ಮಾಡಿಸಬಹುದು. ಗೋಡೆಯ ಎತ್ತರದ ಹತ್ತು ಪಟ್ಟು ಉದ್ದ ಬೇಕು, 60 ಸೆಂ.ಮೀ. ಗೋಡೆಗೆ 6 ಮೀಟರ್. ಮುಷ್ಟಿಯಿಂದ ತಲೆಯಷ್ಟು ಗಾತ್ರದ ಕಲ್ಲುಗಳನ್ನು ಒರಟಾಗಿ ಜೋಡಿಸಬೇಕು. ಸಂದಿಗೆ ಸಿಮೆಂಟು ಮೆತ್ತಿ ನುಣುಪು ಮಾಡಿದರೆ ನೀರು ರಭಸವಾಗಿ ಜಾರುತ್ತದೆ, ಮೀನಿಗೆ ನಿಂತು ಸುಧಾರಿಸಿಕೊಳ್ಳಲು ಜಾಗ ಸಿಗುವುದಿಲ್ಲ, ಮಾಡಿದ ಖರ್ಚೆಲ್ಲ ದಂಡ. ಗೋಡೆಯ ನೆತ್ತಿಯಲ್ಲಿ ಇಳಿಜಾರಿನ ನೇರಕ್ಕೆ ಒಂದಡಿ ಅಗಲ, ನಾಲ್ಕು ಬೆರಳು ಆಳದ ಕಚ್ಚು ಇದ್ದರೆ ಸಣ್ಣ ಹರಿವೂ ಒಂದೇ ಕಡೆ ಕೂಡಿ ಬರುತ್ತದೆ. ಗೋಡೆಯ ಮೇಲೆಲ್ಲ ಹರಡಿ ಬೀಳುವ ನೀರಿನಿಂದ ಮೀನಿಗೆ ಉಪಯೋಗವಿಲ್ಲ.

ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಳ್ಳದ ಮಡುವಿನಲ್ಲಿ ಮೊಟ್ಟೆ ಇಡುವುದು ಬಿಟ್ಟು ಮನೆ ಸುತ್ತಲಿನ ಡ್ರಮ್ಮು, ಸಿಮೆಂಟು ತೊಟ್ಟಿ, ಹಳೆಯ ಟೈರು, ತೆಂಗಿನ ಚಿಪ್ಪು ಹುಡುಕುತ್ತದೆ. ಮಡು ಮುಚ್ಚಿ ಡೆಂಗಿ ಕಡಿಮೆ ಮಾಡುತ್ತೇವೆ ಎನ್ನುವುದು ಆಗದ ಮಾತು. ಮಲೇರಿಯಾದ ಅನಾಫಿಲಿಸ್ ನಿಂತ ನೀರಿನಲ್ಲಿ ಬೆಳೆಯುವುದು ನಿಜ, ಆದರೆ ಮೀನಿರುವ ಮಡುವಿಗಿಂತ ಮೀನಿಲ್ಲದ ಹೆಜ್ಜೆಗುಂಡಿ, ಉಸುಕು ತೋಡಿ ಬಿಟ್ಟ ಗುಂಡಿಗಳೇ ಅದಕ್ಕೆ ಅನುಕೂಲ. ಉಸುಕಮೀನು ತಳದಲ್ಲಿ ಮೇಯುವುದು, ಮೇಲೆ ತೇಲುವ ಸೊಳ್ಳೆ ಮರಿಗೆ ಅದನ್ನು ನೆಚ್ಚಬೇಡಿ. ಅದೇ ಮಡುವಿನ ಸಣ್ಣ ಪಕ್ಕೆಗಳು, ಕೊಡತಿ ಹುಳದ (ಏರೋಪ್ಲೇನ್ ಚಿಟ್ಟೆಯ) ಮರಿಗಳು ಆ ಕೆಲಸ ಮಾಡುತ್ತವೆ.

ಗ್ಯಾಂಬೂಸಿಯಾವನ್ನು ಹಳ್ಳಕ್ಕೆ ಬಿಡಬೇಡಿ. 1928ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದ ಅಮೆರಿಕ ಮೂಲದ ಮೀನು ಅದು. ಮೊಟ್ಟೆ ಇಡದೆ ಮರಿ ಹಾಕುತ್ತದೆ, ಬೇಗ ಬೇಗ ಹೆಚ್ಚುತ್ತದೆ, ಸೊಳ್ಳೆ ಮರಿಯ ಜತೆಗೆ ಬೇರೆ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಉಸುಕಮೀನು ಮೊಟ್ಟೆ ಉದುರಿಸಿ ಹೋಗುವ ಜಾತಿ, ಕಾವಲು ಕಾಯುವುದಿಲ್ಲ. ಹೊರಗೆ ಹರಿಯದ ಸಿಮೆಂಟು ತೊಟ್ಟಿ, ಕಟ್ಟಿದ ಬಾವಿಗೆ ಆರೋಗ್ಯ ಇಲಾಖೆಯವರು ಬಿಡುವುದಾದರೆ ಬಿಡಲಿ. ಕೃಷಿ ಹೊಂಡಕ್ಕೆ ಬಿಟ್ಟರೂ ಕೋಡಿ ಬಿದ್ದ ದಿನ ಹಳ್ಳಕ್ಕೆ ಬಂದು ಸೇರುತ್ತವೆ. ಒಮ್ಮೆ ಹಳ್ಳ ಸೇರಿದವನ್ನು ತೆಗೆಯುವ ಉಪಾಯ ಇಲ್ಲ. ತಿಲಾಪಿಯಾಕ್ಕೂ, ನಿಷೇಧವಿರುವ ಆಫ್ರಿಕಾ ಕ್ಯಾಟ್‌ಫಿಶ್‌ಗೂ ಇದೇ ಮಾತು.

ಒಂದು ಮಡು ಉಳಿಯುವುದೇ ಇಲ್ಲ ಎಂದು ಖಾತ್ರಿಯಾದರೆ ಮೀನನ್ನು ಬೇರೆ ಮಡುವಿಗೆ ಸಾಗಿಸಬಹುದು, ಆದರೆ ಇದು ಕಡೆಯ ದಾರಿ. ಅದೇ ಹಳ್ಳದ ಮಡು ಆಗಿರಬೇಕು. ಬೇರೆ ಹಳ್ಳಕ್ಕೆ ಒಯ್ದರೆ ರೋಗವನ್ನೂ ಒಯ್ದಂತೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಉಸುಕಿಲ್ಲ, ಅಲ್ಲಿ ಬಿಡುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಏಳರೊಳಗೆ ಹಿಡಿದು, 15 ಲೀಟರಿನ ಬಕೆಟ್ಟಿಗೆ 25ಕ್ಕಿಂತ ಹೆಚ್ಚು ಹಾಕದೆ, ಮೇಲೆ ಒದ್ದೆ ಗೋಣಿ ಹೊದಿಸಿ ಒಯ್ಯಿರಿ. ಬಕೆಟ್ಟನ್ನು ತುಂಬಬೇಡಿ, ಅವು ಗಾಳಿ ನುಂಗಲು ಅರ್ಧ ಖಾಲಿ ಇರಬೇಕು.

ಚುಚ್ಚುವ ವಿಷಯಕ್ಕೆ ಬಂದರೆ, ಕಣ್ಣಿನ ಕೆಳಗೆ ಎರಡು ಮೊನೆಯ ಒಂದು ಮುಳ್ಳು ಚರ್ಮದ ಮಡಿಕೆಯೊಳಗೆ ಅಡಗಿರುತ್ತದೆ. ಹೆದರಿದಾಗ ಮೀನು ಅದನ್ನು ಹೊರಕ್ಕೆ ನಿಮಿರಿಸಿ ಬಿಗಿ ಹಿಡಿಯುತ್ತದೆ, ನುಂಗಲು ಬಂದ ಹಾವು ಹಕ್ಕಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು. ಗಾಯ ಆದರೆ ಸೋಪು ನೀರಿನಲ್ಲಿ ತೊಳೆದರೆ ಸಾಕು. ಪಂಜೆ, ಟವೆಲ್, ಸೊಳ್ಳೆಪರದೆಯಲ್ಲಿ ಹಿಡಿದಾಗ ಆ ಮುಳ್ಳು ಎಳೆಗೆ ಸಿಕ್ಕಿಕೊಳ್ಳುತ್ತದೆ, ಹುಡುಗರು ಎಳೆದಾಗ ಮುಖದ ಚರ್ಮವೇ ಹರಿಯುತ್ತದೆ. ಎಳೆಯಬಾರದು. ಬಟ್ಟೆಯನ್ನು ಮೀನಿನ ಸಮೇತ ನೀರಿನಲ್ಲಿ ಮುಳುಗಿಸಿ ಕೈ ಬಿಟ್ಟರೆ, ಗಾಬರಿ ಇಳಿದಂತೆ ಮುಳ್ಳನ್ನು ಅದೇ ಮಡಚಿಕೊಂಡು ಹೊರಬರುತ್ತದೆ. ಚಹಾ ಸೋಸುವ ಪ್ಲಾಸ್ಟಿಕ್ ಜರಡಿ ಅಥವಾ ಬಟ್ಟಲಿನಲ್ಲಿ ನೀರಿನ ಸಮೇತ ಎತ್ತುವುದು ಎಲ್ಲಕ್ಕಿಂತ ಒಳ್ಳೆಯದು.

ಮಗನ ಐದು ಮೀನು ಬಾಟಲಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಅವನಿಗೆ ನಿಜವಾಗಿ ಆಸೆ ಇದ್ದರೆ ಎರಡಡಿ ಉದ್ದದ ಗಾಜಿನ ತೊಟ್ಟಿ, ತೊಳೆದ ನುಣ್ಣನೆಯ ಹಳ್ಳದ ಉಸುಕು ನಾಲ್ಕು ಬೆರಳು ದಪ್ಪ, ಹಳ್ಳದ ನೀರು, ಮೇಲೆ ಸಂದಿಲ್ಲದ ಮುಚ್ಚಳ ಬೇಕು, ಸಣ್ಣ ಸಂದಿನಲ್ಲೂ ಇವು ಹಾರಿ ಹೋಗುತ್ತವೆ. ಎಂ-ಸ್ಯಾಂಡ್ ಹಾಕಬೇಡಿ, ಅದರ ಚೂಪು ಅಂಚಿಗೆ ಮೀಸೆ, ಹೊಟ್ಟೆ ಕೆರೆದು ಹುಣ್ಣಾಗುತ್ತದೆ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಹಾಕಿ. ಬಿಸ್ಕತ್ತು, ಮಂಡಕ್ಕಿ ಕೊಟ್ಟರೆ ನೀರು ಕೆಡುತ್ತದೆ. ತಳಕ್ಕೆ ಮುಳುಗುವ ಮೀನಿನ ಕಾಳು ಅಥವಾ ಚೂರು ಮಾಡಿದ ಎರೆಹುಳ ಸಂಜೆ ಒಂದು ಸಲ ಸಾಕು, ರಾತ್ರಿ ಮೇಯುವ ಮೀನು ಇದು. ಅಂಗಡಿಯ ಮೀನನ್ನು ಅದೇ ತೊಟ್ಟಿಗೆ ಹಾಕಿದ ಮೇಲೆ ಉಸುಕಮೀನನ್ನು ಹಳ್ಳಕ್ಕೆ ಮರಳಿ ಬಿಡಬಾರದು, ಇದನ್ನು ಅವನಿಗೆ ಮೊದಲೇ ಹೇಳಿ.

ಇಷ್ಟೆಲ್ಲ ಆಗದು ಎಂದಾದರೆ ನಾಳೆ ಬೆಳಿಗ್ಗೆಯೇ ಹಿಡಿದ ಜಾಗಕ್ಕೆ ಅವನನ್ನೂ ಕರೆದುಕೊಂಡು ಹೋಗಿ. ಬಾಟಲಿಯನ್ನು ಹಳ್ಳದ ನೀರಿನಲ್ಲಿ ಕಾಲು ಗಂಟೆ ಇಟ್ಟು, ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ಆಮೇಲೆ ಬಾಯಿ ಓರೆ ಮಾಡಿ. ಗಟ್ಟಿಯಾಗಿರುವ ಮೀನು ತಳ ಮುಟ್ಟಿದ ಕೂಡಲೇ ಉಸುಕಿಗೆ ನುಗ್ಗಿ ಕಣ್ಣಷ್ಟೇ ಹೊರಗಿಟ್ಟುಕೊಳ್ಳುತ್ತದೆ. ನುಗ್ಗದೆ ಮೇಲೇ ಮಲಗಿದ್ದು ಇನ್ನೂ ಬಳಲಿದೆ ಎಂದರ್ಥ. ಮಿಂಚುಳ್ಳಿ ಎತ್ತಿಕೊಂಡು ಹೋಗದಂತೆ ಅದು ಉಸುಕು ಸೇರುವತನಕ ಇಬ್ಬರೂ ಅಲ್ಲೇ ನಿಂತಿರಿ.